‘ನಾನೇನೂ ಮಾಡಿಲ್ಲ ಫಾದರ್’

ನಿಮ್ಮ ಮನೆಯಲ್ಲಿ ಒಂದು ಗಾಜಿನ ಲೋಟ ಒಡೆದ ಗಳಿಗೆಯನ್ನು ನೆನಪಿಸಿಕೊಳ್ಳಿ. ಅಡುಗೆಮನೆಯಿಂದ ಸದ್ದು ಕೇಳಿಸುತ್ತದೆ. ಕುಳಿತಲ್ಲಿಂದಲೇ ನಾವು ಕೂಗುವ ಮೊದಲ ಮಾತು ಯಾವುದು? ‘ಏನಾಯಿತು?’ ಎಂದೋ, ‘ಯಾರು ಒಡೆದದ್ದು?’ ಎಂದೋ? ಕಾಲಿಗೆ ಚೂರು ಚುಚ್ಚಿತೇ ಎಂದು ಮೊದಲು ಕೇಳುವವರು ಅಪರೂಪ. ಮಗುವಿನ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ಒಡೆದುಹೋಯ್ತು.’ ಒಡೆದೆ ಎನ್ನುವುದಿಲ್ಲ, ಒಡೆದುಹೋಯ್ತು. ಬೀಳಿಸಿದೆ ಎನ್ನುವುದಿಲ್ಲ, ಬಿತ್ತು. ಮಾಡಿದವನನ್ನು ಬಚ್ಚಿಡುವುದಕ್ಕೆ ನಮ್ಮ ವ್ಯಾಕರಣದಲ್ಲೇ ಒಂದು ಬಾಗಿಲಿದೆ. ಆ ಬಾಗಿಲನ್ನು ಮೂರು ವರ್ಷದ ಮಗು ಯಾರೂ ಹೇಳಿಕೊಡದೆ ಕಂಡುಕೊಂಡಿರುತ್ತದೆ.

ಇದನ್ನು ನಾನು ಯೋಚಿಸುವಂತಾದದ್ದು ನಮ್ಮ ಧರ್ಮಕೇಂದ್ರದ ಕಚೇರಿಯ ಕಂಪ್ಯೂಟರ್ ಕೆಟ್ಟುಹೋದಾಗ. ನೋಡಿ, ನಾನೂ ‘ಕೆಟ್ಟುಹೋದಾಗ’ ಎಂದೇ ಬರೆದೆ.

ನಿಮ್ಮಲ್ಲಿ ಕಂಪ್ಯೂಟರ್ ಬಳಸುವವರಿಗೆ ಗೊತ್ತಿರಬಹುದು. ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂ 2015ರ ಜುಲೈ 29ರಂದು ಬಂದದ್ದು; ಅದಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ದಿನ ಯಾವ ಕಂಪ್ಯೂಟರೂ ನಿಂತುಹೋಗಲಿಲ್ಲ. ಆದರೆ ಮುಂದೆ ಕಂಡುಬರುವ ಭದ್ರತೆಯ ಬಿರುಕುಗಳಿಗೆ ಎಂದಿನಂತೆ ತಾನಾಗಿ ತೇಪೆ ಬೀಳುವುದಿಲ್ಲ ಎಂದಾಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಎಲ್ಲ ಯಂತ್ರಗಳಿಗೂ ಒಗ್ಗುವುದಿಲ್ಲ. ಟಿಪಿಎಂ ಎಂಬ ಭದ್ರತಾ ವ್ಯವಸ್ಥೆಯ 2.0 ಆವೃತ್ತಿ ಇರಬೇಕು, ಅದು ಒಪ್ಪುವ ಪಟ್ಟಿಯಲ್ಲಿರುವ ಪ್ರೊಸೆಸರ್ ಇರಬೇಕು. ಹೀಗಾಗಿ ಕೆಲಸಕ್ಕೆ ಬರುವ ಎಷ್ಟೋ ಯಂತ್ರಗಳು ಹೊರಗುಳಿದವು. ನಮ್ಮದು ಗಡಿಯಲ್ಲಿತ್ತು, ತೇರ್ಗಡೆಯಾಯಿತು.

ಕಚೇರಿಯಲ್ಲಿ ಸಂಜೆ ಹೊತ್ತು ನನಗೆ ಸಹಾಯ ಮಾಡಲು ಪದವಿ ಓದುತ್ತಿರುವ ಹುಡುಗನೊಬ್ಬ ಬರುತ್ತಾನೆ. ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕಗಳಲ್ಲಿರುವ ಹೆಸರುಗಳಿಗೆ ಅವನು ಒಂದು ಸೂಚಿ ತಯಾರಿಸುತ್ತಿದ್ದ. ಪ್ರಮಾಣಪತ್ರ ಕೇಳಿಕೊಂಡು ಬಂದವರ ಹೆಸರನ್ನು ಹುಡುಕಲು ಒಂದೊಂದು ಪುಸ್ತಕವನ್ನೂ ಮಗುಚಿ ಹಾಕುವ ಕಷ್ಟ ತಪ್ಪಲಿ ಎಂದು ಅವನೇ ಆರಂಭಿಸಿದ ಕೆಲಸ. ನಾಲ್ಕು ತಿಂಗಳ ಸಂಜೆಗಳು ಅದಕ್ಕೆ ಹೋಗಿದ್ದವು. ಅಪ್‌ಗ್ರೇಡ್ ಮಾಡುವುದನ್ನೂ ಅವನಿಗೇ ವಹಿಸಿ ನಾನು ಒಬ್ಬ ರೋಗಿಯನ್ನು ನೋಡಲು ಹೋದೆ. ಹಿಂತಿರುಗಿ ಬಂದಾಗ ಕಂಪ್ಯೂಟರ್ ಪರದೆಯ ಮೇಲೆ ಏನೋ ಬರೆದು, ಆರಿ, ಮತ್ತೆ ಅದನ್ನೇ ಬರೆಯುತ್ತಿತ್ತು. ಒಳಗೆ ಹೋಗಲೊಲ್ಲದು.

‘ಏನು ಮಾಡಿದೆ?’ ಎಂದು ಕೇಳಿದೆ. ನಾನು ಕೇಳಿದ ದನಿಯಲ್ಲಿ ಅದು ಪ್ರಶ್ನೆಯಾಗಿರಲಿಲ್ಲ. ಪ್ರಮಾಣಪತ್ರಕ್ಕಾಗಿ ಕಾಯುತ್ತಿದ್ದ ಇಬ್ಬರ ಎದುರಿಗೇ ಕೇಳಿದೆ. ಅವನು ‘ನಾನೇನೂ ಮಾಡಿಲ್ಲ ಫಾದರ್’ ಎಂದ. ಅನಂತರ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಹುಡುಗ ಚೀಲ ತೆಗೆದುಕೊಂಡು ಹೊರಟುಹೋದ. ಎಂಟು ದಿನ ಬರಲಿಲ್ಲ.

ಆ ರಾತ್ರಿ ನಾನೇ ಯಂತ್ರವನ್ನು ಸರಿಪಡಿಸುವ ಹಟಕ್ಕೆ ಬಿದ್ದೆ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದಿದವನಿಗೆ ಕಾರ್ಯಕಾರಣಗಳ ವಿಷಯ ಗೊತ್ತಿರಬೇಕಲ್ಲವೇ? ನನಗೆ ಗೊತ್ತಿದ್ದ ಏಕೈಕ ಉಪಾಯ ಆರಿಸಿ ಹಾಕುವುದು. ಆರಿಸಿದೆ, ಹಾಕಿದೆ, ಮತ್ತೆ ಆರಿಸಿದೆ, ಹಾಕಿದೆ.

ಕೊನೆಗೆ ಒಬ್ಬರು ಪರಿಚಯದವರು ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿರುವ ರಿಪೇರಿ ಅಂಗಡಿಯನ್ನು ತೋರಿಸಿದರು. ಚಾಮರಾಜಪೇಟೆ ನಿಮಗೆಲ್ಲ ಗೊತ್ತಿರುವ ಬಡಾವಣೆಯೇ. ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ 1892ರಲ್ಲಿ ರೂಪುಗೊಂಡದ್ದು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಮನೆ ಇರುವುದೂ ಅಲ್ಲಿಯೇ. ಅಂಗಡಿ ಎಂದರೆ ಒಂದು ಹಳೆಯ ಮನೆಯ ಜಗಲಿಗೆ ಶಟರ್ ಹಾಕಿದ ಜಾಗ. ಅದರ ಯಜಮಾನರಿಗೆ ಅರವತ್ತು ದಾಟಿರಬೇಕು. ಬಿಡಿಭಾಗ ಬೇಕಾದರೆ ಎಸ್.ಪಿ. ರಸ್ತೆಗೆ ಹುಡುಗನನ್ನು ಓಡಿಸುತ್ತಾರೆ, ಕೆಲಸವನ್ನು ಮಾತ್ರ ತಾವೇ ಮಾಡುತ್ತಾರೆ.

ಅವರು ಯಂತ್ರವನ್ನು ಮುಟ್ಟಲಿಲ್ಲ. ಸ್ಟೂಲು ತೋರಿಸಿ, ‘ಕೂತ್ಕೊಳ್ಳಿ ಫಾದರ್. ಕೆಡೋಕೆ ಮುಂಚೆ ಕೊನೇಲಿ ಏನು ಮಾಡಿದ್ರಿ?’ ಎಂದರು.

‘ನಾನಲ್ಲ, ಆಫೀಸಿನ ಹುಡುಗ ಏನೋ ಮಾಡಿಬಿಟ್ಟಿದ್ದಾನೆ’ ಎಂದೆ.

‘ಇರಲಿ. ಆಮೇಲೆ ಎಷ್ಟು ಸಲ ಆನ್ ಆಫ್ ಮಾಡಿದ್ರಿ?’

‘ಒಂದೆರಡು ಸಲ.’

ಅವರು ಏನೂ ಹೇಳದೆ ನನ್ನ ಮುಖ ನೋಡಿದರು. ಪಾಪನಿವೇದನೆ ಕೇಳುವ ಪೀಠದಲ್ಲಿ ಕುಳಿತು ನಾನು ಎಷ್ಟೋ ಸಲ ಕೇಳಿರುವ ‘ಒಂದೆರಡು ಸಲ’ ಅದು. ನಾಚಿಕೆಯಾಯಿತು. ‘ಹತ್ತು ಹನ್ನೆರಡು ಸಲ ಇರಬಹುದು’ ಎಂದು ತಿದ್ದಿಕೊಂಡೆ.

‘ಹಾಂ, ಹಾಗೆ ಹೇಳಿ. ನಾನು ಬೈಯೋಕೆ ಕೂತಿಲ್ಲ ಫಾದರ್, ಬೈದರೆ ಯಾರೂ ದುಡ್ಡು ಕೊಡಲ್ಲ. ಡಿಸ್ಕ್ ಹಳೇದು. ಅದಕ್ಕೇ ಕಾಯಿಲೆ ಬಂದಿದ್ದರೆ ಪ್ರತಿ ಸಲ ಹಾಕಿದಾಗಲೂ ಇನ್ನಷ್ಟು ಕೆಡುತ್ತೆ. ಮುಂದಿನ ಕೆಲಸ ಹೇಗೆ ಮಾಡಬೇಕು ಅನ್ನೋದು ನೀವು ಹೇಳೋದರ ಮೇಲೆ ನಿಂತಿದೆ. ಆ ಹುಡುಗ ಗುಂಡಿ ಒತ್ತಿ ಆರಿಸಿದ್ನಾ? ಆವಾಗ ಮುಂದಿನ ಸಣ್ಣ ದೀಪ ಮಿಣುಕ್ತಿತ್ತಾ? ಒಳಗಿನಿಂದ ಟಿಕ್ ಟಿಕ್ ಅಂತ ಸದ್ದೇನಾದರೂ ಬರ್ತಿತ್ತಾ?’

ಇದಕ್ಕೆ ಉತ್ತರ ಬಲ್ಲವನು ಈ ಲೋಕದಲ್ಲಿ ಒಬ್ಬನೇ ಇದ್ದ. ಅವನ ಬಾಯಿಯನ್ನು ನಾನೇ ಮುಚ್ಚಿಸಿದ್ದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಏನಾದರೂ ಕೆಟ್ಟಾಗ ನಾವು ಎರಡು ಬೇರೆ ಬೇರೆ ವಸ್ತುಗಳನ್ನು ಹುಡುಕುತ್ತೇವೆ: ಒಂದು ಕಾರಣ, ಇನ್ನೊಂದು ಅಪರಾಧಿ. ಕನ್ನಡದಲ್ಲಿ ಎರಡಕ್ಕೂ ‘ತಪ್ಪು’ ಎಂಬ ಒಂದೇ ಮಾತು ಸಾಕಾಗುತ್ತದೆ. ಲೆಕ್ಕ ತಪ್ಪಾಯಿತು ಎಂದಾಗ ಅಲ್ಲಿ ಪಾಪವೇನೂ ಇಲ್ಲ. ದಾರಿ ತಪ್ಪಿತು, ಬಸ್ಸು ತಪ್ಪಿತು ಎಂದಾಗಲೂ ಇಲ್ಲ. ಆದರೆ ‘ಯಾರ ತಪ್ಪು?’ ಎಂದು ಕೇಳಿದೊಡನೆ ಅದೇ ಮಾತು ಕೋಲು ಹಿಡಿದು ನಿಲ್ಲುತ್ತದೆ. ಲೆಕ್ಕ ಎಲ್ಲಿ ತಪ್ಪಿತು ಎಂದು ತಿಳಿಯಬೇಕಾದರೆ ಲೆಕ್ಕ ಮಾಡಿದವನು ನಮ್ಮ ಪಕ್ಕದಲ್ಲಿ ಕುಳಿತು ಒಂದೊಂದು ಸಾಲನ್ನೂ ತೋರಿಸಬೇಕು. ಕೋಲು ಕಂಡರೆ ಅವನು ಕುಳಿತುಕೊಳ್ಳುವುದಿಲ್ಲ.

ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಕೇಳುವ ಪ್ರಶ್ನೆಯೂ ಇದೇ: ಪಾಪ ಯಾರದು, ಇವನದೋ, ಇವನ ತಂದೆತಾಯಿಯದೋ? ಪ್ರಭು ಆ ಪ್ರಶ್ನೆಯ ಎರಡು ಕವಲುಗಳಲ್ಲಿ ಒಂದನ್ನೂ ಹಿಡಿಯಲಿಲ್ಲ. ಮಣ್ಣು ಕಲಸಿ ಆ ಮನುಷ್ಯನ ಕಣ್ಣಿಗೆ ಹಚ್ಚಿದರು. ಈ ಭಾಗದ ಮೇಲೆ ನಾನು ಎಷ್ಟೋ ವರ್ಷ ಪ್ರಬೋಧನೆ ಮಾಡಿದ್ದೇನೆ. ಶಿಷ್ಯರ ಸಾಲಿನಲ್ಲಿ ನಾನೂ ನಿಂತಿದ್ದೇನೆ ಎಂದು ಮಾತ್ರ ಹೊಳೆದಿರಲಿಲ್ಲ.

‘ಯಾರು?’ ಎಂಬ ಪ್ರಶ್ನೆ ‘ಏನು?’ ಎಂಬುದಕ್ಕಿಂತ ಮೊದಲು ಬಂದರೆ ಅನಾಹುತ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳ ಕಥೆ ಇದೆ. ಅಲ್ಲಿನ ಪೋಸ್ಟ್ ಆಫೀಸ್ ಸಂಸ್ಥೆ 1999ರಿಂದ ‘ಹೊರೈಜನ್’ ಎಂಬ ಕಂಪ್ಯೂಟರ್ ಲೆಕ್ಕವ್ಯವಸ್ಥೆಯನ್ನು ತಂದಿತು. ಸಣ್ಣ ಸಣ್ಣ ಊರುಗಳಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದವರ ಲೆಕ್ಕದಲ್ಲಿ ಕೊರತೆ ಕಾಣಿಸತೊಡಗಿತು. ಯಂತ್ರ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯಿಂದ ಅವರನ್ನೇ ಕಳ್ಳರೆಂದು ತೀರ್ಮಾನಿಸಿದರು. 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ನ್ಯಾಯಾಲಯಗಳಲ್ಲಿ ಶಿಕ್ಷೆಯಾಯಿತು, ಹಲವರು ಸೆರೆಮನೆ ಸೇರಿದರು. ‘ಹೀಗಾಗಿರುವುದು ನಿಮಗೊಬ್ಬರಿಗೇ’ ಎಂದು ತಮಗೆ ಹೇಳಲಾಗಿತ್ತು ಎಂದು ಎಷ್ಟೋ ಮಂದಿ ಬಳಿಕ ತಿಳಿಸಿದರು. ತಂತ್ರಾಂಶದಲ್ಲೇ ದೋಷಗಳಿದ್ದವೆಂದು ಅಲ್ಲಿನ ಹೈಕೋರ್ಟ್ 2019ರಲ್ಲಿ ಹೇಳಿತು. 2024ರಲ್ಲಿ ಸಂಸತ್ತು ಕಾನೂನು ಮಾಡಿ ಶಿಕ್ಷೆಗಳನ್ನು ರದ್ದುಪಡಿಸಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು. ಅಪರಾಧಿ ಸಿಕ್ಕಿದ ಮೇಲೆ ಕಾರಣವನ್ನು ಹುಡುಕುವ ಗೊಡವೆ ಯಾರಿಗೆ ಬೇಕು?

ಇದಕ್ಕೆ ಎದುರಾದ ಉದಾಹರಣೆಯೂ ಇದೆ. 2024ರ ಜುಲೈ 19ರ ಶುಕ್ರವಾರ ನಿಮಗೆ ನೆನಪಿರಬಹುದು. ನಮ್ಮ ಬೆಂಗಳೂರಿನದೂ ಸೇರಿ ದೇಶದ ಹಲವಾರು ವಿಮಾನ ನಿಲ್ದಾಣಗಳಲ್ಲಿ ಸಾಲುಗಳು ಬೆಳೆದವು, ಕೆಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಮೊದಮೊದಲು ಜನ ದೂರಿದ್ದು ವಿಂಡೋಸನ್ನು. ನಿಜವಾಗಿ ಅದು ಕ್ರೌಡ್‌ಸ್ಟ್ರೈಕ್ ಎಂಬ ಬೇರೆ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ಸಣ್ಣ ಅಪ್‌ಡೇಟ್. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಹೊರಟದ್ದನ್ನು 10.57ಕ್ಕೆ ಹಿಂತೆಗೆದುಕೊಂಡರು. ಆ 78 ನಿಮಿಷಗಳಲ್ಲಿ ಸುಮಾರು 85 ಲಕ್ಷ ಯಂತ್ರಗಳು ಬಿದ್ದವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಅವುಗಳಲ್ಲಿ ಬಹಳಷ್ಟನ್ನು ಒಬ್ಬೊಬ್ಬರು ಒಂದೊಂದು ಯಂತ್ರದ ಮುಂದೆ ಕುಳಿತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಒಂದು ಕಡತವನ್ನು ಅಳಿಸಿ ಎಬ್ಬಿಸಬೇಕಾಯಿತು. ಆ ಸಂಸ್ಥೆ ಆಗಸ್ಟ್ 6ರಂದು ಪ್ರಕಟಿಸಿದ ವರದಿಯಲ್ಲಿ ಕಾರಣವನ್ನು ಬಿಡಿಸಿ ಬರೆದಿದೆ: ಒಂದು ಭಾಗ 21 ಮಾಹಿತಿಗಳನ್ನು ಎದುರುನೋಡುತ್ತಿತ್ತು, ಅದಕ್ಕೆ ಸಿಕ್ಕಿದ್ದು 20, ಇಲ್ಲದ 21ನೆಯದನ್ನು ಓದಲು ಹೋಗಿ ಯಂತ್ರ ಮುಗ್ಗರಿಸಿತು. ಆ ಸಂಸ್ಥೆಯ ಹೊಣೆ ಇದರಿಂದ ಕರಗಲಿಲ್ಲ; ಕ್ಷಮೆ ಕೇಳಿದರು, ಕೋರ್ಟುಗಳಿಗೂ ಹೋಗಬೇಕಾಯಿತು. ಆದರೆ 20, 21 ಎಂಬ ಆ ಎರಡು ಅಂಕಿಗಳು ಹೊರಗೆ ಬಂದದ್ದರಿಂದ ಆ ತಂತಿಯನ್ನು ಸರಿಪಡಿಸುವುದು ಸಾಧ್ಯವಾಯಿತು.

ಅಂಗಡಿಯಿಂದ ನಾನು ನೇರವಾಗಿ ಹುಡುಗನ ಮನೆಗೆ ಹೋದೆ. ಅವನ ತಾಯಿ ಬಾಗಿಲು ತೆರೆದರು. ‘ಬನ್ನಿ ಫಾದರ್’ ಎಂದರು, ಕಾಫಿಯನ್ನೂ ಕೊಟ್ಟರು, ಆದರೆ ನಗಲಿಲ್ಲ. ‘ಅವನು ಸರಿಯಾಗಿ ಊಟ ಮಾಡಿ ಒಂದು ವಾರವಾಯ್ತು’ ಎಂದು ಮಾತ್ರ ಹೇಳಿದರು. ಹುಡುಗ ಹೊರಗೆ ಬಂದಾಗ ನಾನು ರಿಪೇರಿಯವರು ಕಲಿಸಿಕೊಟ್ಟ ಹಾಗೆಯೇ ಕೇಳಿದೆ: ‘ನಾನು ಬೈಯೋಕೆ ಬಂದಿಲ್ಲಪ್ಪ. ದೀಪ ಮಿಣುಕ್ತಿತ್ತಾ?’

ಬಹಳ ಹೊತ್ತಿನ ಮೇಲೆ ಮಾತಾಡಿದ. ಅಪ್‌ಗ್ರೇಡ್ ಎರಡು ಗಂಟೆ ಒಂದೇ ಅಂಕಿಯಲ್ಲಿ ನಿಂತಿತ್ತು. ನಾನು ಬರುವ ಹೊತ್ತಾಯಿತೆಂದು ಹೆದರಿ ಗುಂಡಿಯನ್ನು ಒತ್ತಿ ಹಿಡಿದು ಆರಿಸಿದ. ದೀಪ ಮಿಣುಕುತ್ತಿರಲಿಲ್ಲ, ಸುಮ್ಮನೆ ಉರಿಯುತ್ತಿತ್ತು. ಒಳಗೆ ಟಿಕ್ ಟಿಕ್ ಸದ್ದು. ‘ಆ ಸದ್ದು ಅದಕ್ಕೂ ಎರಡು ವಾರ ಮುಂಚಿನಿಂದಲೇ ಬರ್ತಿತ್ತು ಫಾದರ್. ನಿಮಗೆ ಹೇಳಿದ್ದೆ. ಹಳೇ ಯಂತ್ರ, ಹಾಗೇ ಇರುತ್ತೆ ಅಂದ್ರಿ.’

ನನಗೆ ನೆನಪೇ ಇರಲಿಲ್ಲ. ಅವನು ಹೇಳಿದ ಮೇಲೆ ನೆನಪಾಯಿತು. ಬಲಿಪೂಜೆಗೆ ಹೊರಟಿದ್ದೆ, ತಿರುಗಿ ನೋಡದೆಯೇ ಉತ್ತರಿಸಿದ್ದೆ.

ಬಳಿಕ ಅವನು ಇನ್ನೊಂದು ಸಂಗತಿ ಹೇಳಿದ. ಅಪ್‌ಗ್ರೇಡ್ ಮಾಡುವ ಹಿಂದಿನ ಸಂಜೆ ಸೂಚಿಯನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡಿದ್ದ. ಯಾರೂ ಹೇಳದೆ ತಾನಾಗಿಯೇ ಮಾಡಿದ ಜಾಣತನ. ಅನಾಹುತವಾದ ರಾತ್ರಿ ಅದನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದರೆ ಒಂದು ಕನ್ನಡ ಅಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಕೊಂಬು ಬಾಲಗಳಿರುವ ವಿಚಿತ್ರ ಗುರುತುಗಳು, ಅಷ್ಟೇ. ‘ನಕಲೂ ಹಾಳಾಯ್ತು ಅಂತ ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ.’

ಪೆನ್‌ಡ್ರೈವ್ ಹಿಡಿದು ಇಬ್ಬರೂ ಚಾಮರಾಜಪೇಟೆಗೆ ಬಂದೆವು. ರಿಪೇರಿಯವರು ಅಷ್ಟರಲ್ಲಿ ನಮ್ಮ ಡಿಸ್ಕನ್ನು ಹೊರತೆಗೆದು ತಮ್ಮ ಯಂತ್ರಕ್ಕೆ ಜೋಡಿಸಿದ್ದರು. ಕೆಲವು ಕಡತಗಳು ಬಂದಿದ್ದವು, ಸೂಚಿಯ ಕಡತ ಬಂದಿರಲಿಲ್ಲ. ಪೆನ್‌ಡ್ರೈವ್ ಚುಚ್ಚಿ ತೆರೆದರು. ಅದೇ ಕೊಂಬು, ಅದೇ ಬಾಲ. ಹುಡುಗ ಮುಖ ತಿರುಗಿಸಿದ. ಅವರು ಮಾತ್ರ, ‘ಓ, ಇದು ಹಳೇ ನುಡಿ ಅಲ್ವಾ?’ ಎಂದು ಎಲ್ಲವನ್ನೂ ಆಯ್ದು, ಫಾಂಟಿನ ಹೆಸರು ಬದಲಿಸಿದರು. ಪರದೆಯ ತುಂಬ ಕನ್ನಡದ ಹೆಸರುಗಳು ಬಂದು ನಿಂತವು. ತಂದೆ, ತಾಯಿ, ಜ್ಞಾನಪಿತ, ಜ್ಞಾನಮಾತೆ, ಊರು, ತಾರೀಖು, ಎಲ್ಲ.

ನಡೆದದ್ದು ಇಷ್ಟೇ. ಹಿಂದೆ ಕಂಪ್ಯೂಟರುಗಳಲ್ಲಿ ಕನ್ನಡಕ್ಕೆಂದು ಬೇರೆ ಮನೆ ಸಿಕ್ಕದಿದ್ದ ಕಾಲದಲ್ಲಿ ನಮ್ಮವರು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ನಡೆಸಿದರು. ಇದೇ ಚಾಮರಾಜಪೇಟೆಯಲ್ಲಿ ನೆಲೆಗೊಂಡ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳು ಆ ಬಗೆಯವು. ಸರ್ಕಾರಿ ಕಚೇರಿಗಳಿಂದ ಹಿಡಿದು ಮುದ್ರಣಾಲಯಗಳವರೆಗೆ ಕರ್ನಾಟಕದ ಕೆಲಸವನ್ನು ಅವು ಹೊತ್ತವು. ಯೂನಿಕೋಡ್ ಎಂಬ ಜಾಗತಿಕ ಸಂಕೇತಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಮನೆ ಸಿಕ್ಕಿತು, ನುಡಿಯೂ ಮುಂದೆ ಯೂನಿಕೋಡ್‌ಗೆ ಬಂತು. ನಾವು ಮಾತ್ರ ಕಚೇರಿಯಲ್ಲಿ ಹಳೆಯ ಫಾಂಟಿನಲ್ಲೇ ಮುಂದುವರಿದಿದ್ದೆವು. ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಆಕಾರಗಳು ಕಾಣಿಸಲಿಲ್ಲ. ಕಡತಕ್ಕೆ ಏನೂ ಆಗಿರಲಿಲ್ಲ. ಎಂಟು ದಿನ ನಾನು ನಕಲಿಲ್ಲವೆಂದು ಕೊರಗಿದೆ, ನಕಲನ್ನು ಜೇಬಿನಲ್ಲಿ ಇಟ್ಟುಕೊಂಡ ಹುಡುಗ ಅದು ಸತ್ತಿದೆಯೆಂದು ಕೊರಗಿದ. ನಡುವೆ ಒಂದು ಮೈಲಿ ದೂರವೂ ಇರಲಿಲ್ಲ.

ಈಗ ನೀವು ಕೇಳಬಹುದು: ಹಾಗಾದರೆ ಯಾರ ಮೇಲೂ ಹೊಣೆಯೇ ಇಲ್ಲವೇ? ಎಲ್ಲವನ್ನೂ ‘ಒಡೆದುಹೋಯ್ತು’ ಎಂದು ಬಿಟ್ಟುಬಿಡೋಣವೇ? ಮಕ್ಕಳನ್ನು ಬೆಳೆಸುವವರಿಗೆ, ಕೈಕೆಳಗೆ ಕೆಲಸಗಾರರಿರುವವರಿಗೆ ಈ ಪ್ರಶ್ನೆ ನ್ಯಾಯವಾದದ್ದೇ. ಅರಿಯದೆ ಮಾಡಿದ್ದಕ್ಕೆ ಹೊಣೆ ಉಂಟೇ ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಮೂರನೆಯ ಭಾಗದಲ್ಲಿ ಚರ್ಚಿಸುತ್ತಾನೆ. ಅರಿಯದಿರುವುದಕ್ಕೆ ತಾನೇ ಕಾರಣನಾದವನು ತಪ್ಪಿಸಿಕೊಳ್ಳಲಾರ ಎಂಬುದು ಅವನ ನಿಲುವು. ಕುಡಿದು ಅಪರಾಧ ಮಾಡಿದವನಿಗೆ ಇಮ್ಮಡಿ ದಂಡ ವಿಧಿಸುತ್ತಿದ್ದ ಕಾನೂನನ್ನು ಅಲ್ಲಿ ನೆನೆಯುತ್ತಾನೆ. ಅಂದರೆ ಹೊಣೆ ಇದೆ. ಆದರೆ ಅದನ್ನು ಹಂಚುವುದಕ್ಕೆ ಮೊದಲು ನಡೆದದ್ದೆಲ್ಲ ಮೇಜಿನ ಮೇಲೆ ಬರಬೇಕು.

ನಮ್ಮ ಮೇಜಿನ ಮೇಲೆ ಬಂದದ್ದನ್ನು ನೋಡಿ. ಹುಡುಗ ಅವಸರಪಟ್ಟು ಆರಿಸಿದ, ಮತ್ತೆ ಸುಳ್ಳು ಹೇಳಿದ. ಸದ್ದಿನ ವಿಷಯ ಕೇಳಿಯೂ ಕಿವಿಗೆ ಹಾಕಿಕೊಳ್ಳದವನು ನಾನು. ಒಬ್ಬರು ಭಕ್ತರು ಕಾಣಿಕೆಯಾಗಿ ಕೊಟ್ಟ ಹೊರಗಿನ ಹಾರ್ಡ್ ಡಿಸ್ಕನ್ನು ಡಬ್ಬಿ ಕೂಡ ಬಿಚ್ಚದೆ ಬೀರುವಿನಲ್ಲಿ ಎರಡು ವರ್ಷ ಇಟ್ಟವನು ನಾನು. ರೋಗಿಷ್ಠ ಡಿಸ್ಕನ್ನು ಹನ್ನೆರಡು ಸಲ ಎಬ್ಬಿಸಿ ಕೂರಿಸಿದವನೂ ನಾನು. ‘ಯಾರು?’ ಎಂದು ಕಿರುಚಿದ ದಿನ ಈ ಲೆಕ್ಕ ಹೀಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಅವನ ಸುಳ್ಳು ಸುಳ್ಳೇ, ಅದನ್ನು ಅವನಿಗೆ ಹೇಳಿದೆ, ಅವನೂ ಒಪ್ಪಿದ. ಆದರೆ ನಿಜ ಹೇಳುವುದರ ಬೆಲೆಯನ್ನು ಅವನ ಕೈಗೆಟುಕದಷ್ಟು ಏರಿಸಿಟ್ಟವರು ಯಾರು?

ಡಿಸ್ಕ್ ಬದಲಾಯಿತು. ಸದ್ದೇ ಮಾಡದ ಹೊಸ ಬಗೆಯದು ಬಂದಿದೆ, ಅದರ ಮೇಲೆ ವಿಂಡೋಸ್ 11 ಒಂದು ಗಂಟೆಯೊಳಗೆ ಕುಳಿತಿತು. ಸೂಚಿಯನ್ನು ಹುಡುಗ ಯೂನಿಕೋಡ್‌ಗೆ ಪರಿವರ್ತಿಸಿದ್ದಾನೆ; ಪರಿವರ್ತನೆಯಲ್ಲಿ ಅಲ್ಲಲ್ಲಿ ಒತ್ತಕ್ಷರಗಳು ಕದಲಿವೆ, ಅವನ್ನು ಪುಸ್ತಕ ನೋಡಿ ತಿದ್ದುತ್ತಿದ್ದಾನೆ. ಬೀರುವಿನ ಡಬ್ಬಿ ಬಿಚ್ಚಿದ್ದೇವೆ.

ನಾನು ಅವನಲ್ಲಿ ಕ್ಷಮೆ ಕೇಳಿದೆ, ನನ್ನ ಕೋಣೆಗೆ ಕರೆದು. ‘ಪರವಾಗಿಲ್ಲ ಫಾದರ್’ ಎಂದ. ಅವನ ತಾಯಿಗೂ ಹೇಳಿಬರೋಣವೆಂದು ಹೋದೆ. ಅವರು ಕೇಳಿಸಿಕೊಂಡು, ಸೆರಗನ್ನು ಸರಿಮಾಡಿಕೊಳ್ಳುತ್ತ, ‘ಒಳ್ಳೇದಾಯ್ತು ಫಾದರ್. ಆದರೆ ಬೈದದ್ದು ಎಲ್ಲರ ಮುಂದೆ ಅಲ್ವಾ?’ ಎಂದರು.

ಹುಡುಗನನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಹೆಸರು ಹಾಕಬೇಡಿ ಎಂದ, ಹಾಕಿಲ್ಲ. ಆ ದಿನ ಕಚೇರಿಯಲ್ಲಿ ಕಾಯುತ್ತಿದ್ದ ಇಬ್ಬರಿಗೆ ಅವನು ಯಾರೆಂದು ಗೊತ್ತು. ಅವರ ಮನೆಗಳಿಗೂ ಈ ಪತ್ರಿಕೆ ಬರುತ್ತದೆ.